ಒಂದು ‘ಎಫ್’ ಅಕ್ಷರದ ಎಡವಟ್ಟು: ಡೊಂಬಿವಲಿಯ ಮದುವೆ ವಿಡಿಯೊ ಕೋಣೆಯಿಂದ ಒಂದು ಪ್ರಕರಣ

2024ರ ನವೆಂಬರ್. ತುಳಸಿ ಪೂಜೆ ಮುಗಿದು ಮುಂಬಯಿಯಲ್ಲಿ ಮದುವೆ ಸೀಸನ್ ಆಗಷ್ಟೇ ಶುರುವಾಗಿತ್ತು. ರಾತ್ರಿ ಹನ್ನೊಂದು ಗಂಟೆಗೆ ಡೊಂಬಿವಲಿಯ ಗೆಳೆಯನ ಫೋನ್. “ಮಾರಾಯ, ನಾಳೆ ಲ್ಯಾಮಿಂಗ್ಟನ್ ರೋಡಿಗೆ ಹೋಗ್ತಿದ್ದೇನೆ. ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡಿಗೆ ಐವತ್ತೆಂಟು ಸಾವಿರ ಹೇಳಿದ್ದಾರೆ. ತಗೊಳ್ಳಲಾ?”

ಲ್ಯಾಮಿಂಗ್ಟನ್ ರೋಡ್ ಅಂದರೆ ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಬೀದಿ. ನಾನು ಕಂಪ್ಯೂಟರ್ ಜೋಡಿಸುವವನು. ಠಾಣೆಯಲ್ಲಿ ಮನೆ. ಇಂಥ ಫೋನ್ ವಾರಕ್ಕೆ ಎರಡು ಬರುತ್ತವೆ. ಇವನ ಫೋನಿಗೆ ಮಾತ್ರ ನಿದ್ದೆ ಹಾರಿಹೋಯಿತು. ಯಾಕೆಂದರೆ ಅವನ ಮೆಷಿನ್ ಜೋಡಿಸಿ ಕೊಟ್ಟವನು ನಾನೇ. ಎರಡೇ ವರ್ಷ ಆಗಿತ್ತು. ಅಷ್ಟು ಬೇಗ ಅದು ಮುದಿಯಾಗಬಾರದು.

“ಆಗಿರೋದು ಏನು?” ಅಂತ ಕೇಳಿದೆ.

“ವಿಡಿಯೊ ಕುಂಟುತ್ತದೆ. ಪ್ಲೇ ಒತ್ತಿದರೆ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಏಳು ಮದುವೆ ಬಾಕಿ ಬಿದ್ದಿದೆ.”

ಕಾರ್ಡ್ ಈಗಲೇ ತರಬೇಡ, ನಾಳೆ ನಾನು ಬರುತ್ತೇನೆ ಅಂದೆ.

ಆ ಕೋಣೆಯ ಬಗ್ಗೆ ಸ್ವಲ್ಪ ಹೇಳಬೇಕು. ಡೊಂಬಿವಲಿ ಪೂರ್ವದಲ್ಲಿ ಒಂದು ಹಳೇ ಕಟ್ಟಡದ ನೆಲಮಹಡಿ. ಎಂಟು ಅಡಿ ಅಗಲ, ಹತ್ತು ಅಡಿ ಉದ್ದ. ಗೆಳೆಯ ಕಾರ್ಕಳ ಕಡೆಯವನು. ಮುಂಬಯಿಗೆ ಬಂದ ಹೊಸದರಲ್ಲಿ ಹೋಟೆಲ್ ಕೌಂಟರಿನಲ್ಲಿ ಕೂತವನು. ಆಮೇಲೆ ಒಬ್ಬ ಫೋಟೊಗ್ರಾಫರ್ ಹಿಂದೆ ಲೈಟ್ ಹಿಡಿದು ಕೆಲಸ ಕಲಿತ. ಈಗ ಕುರ್ಲಾದಿಂದ ಬದಲಾಪುರದ ತನಕ ನಮ್ಮವರ ಮದುವೆ, ಮೆಹಂದಿ, ಗೃಹಪ್ರವೇಶಕ್ಕೆಲ್ಲ ಕ್ಯಾಮೆರಾ ಅವನದೇ. ಶೂಟಿಂಗ್ ಅವನದು, ಎಡಿಟಿಂಗ್ ಹೆಂಡತಿಯದು. ಕಂಪ್ಯೂಟರ್ ಮುಂದೆ ದಿನಕ್ಕೆ ಎಂಟು ಗಂಟೆ ಕೂರುವವಳು ಅವಳು. ಅಂಗಡಿಗೆ ಹೋಗಿ ಬೆಲೆ ಕೇಳಿ ಬಂದವನು ಇವನು. ಈ ಪ್ರಕರಣದಲ್ಲಿ ನಾನು ಕಂಡ ಮೊದಲ ಎಡವಟ್ಟು ಇದೇ.

ಯಾಕೆಂದರೆ ಹೋದ ಕೂಡಲೇ ನಾನು ಕೇಳಿದ್ದು ಅವಳನ್ನು. ಅವಳು ಒಂದೇ ಮಾತಿನಲ್ಲಿ ಅರ್ಧ ರೋಗ ಹೇಳಿಬಿಟ್ಟಳು. “ಹಳೇ ಕ್ಯಾಮೆರಾದ ಕ್ಲಿಪ್ ಚೆನ್ನಾಗಿ ಓಡುತ್ತದೆ ಅಣ್ಣ. ಹೊಸದರದ್ದು ಮಾತ್ರ ಕುಂಟುತ್ತದೆ.”

ಹಳೇದು ಸೋನಿ ಎ7 ಮಾರ್ಕ್ 3. ಹೊಸದು ಅದರ ತಮ್ಮ, ಮಾರ್ಕ್ 4. ಗಣೇಶ ಚೌತಿಯ ಹೊತ್ತಿಗೆ ಕಂತಿನ ಮೇಲೆ ತಂದಿದ್ದ. ಎರಡೂ 4ಕೆ ಕ್ಯಾಮೆರಾಗಳೇ, ಮೆಷಿನ್ನೂ ಅದೇ, ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೋ ಕೂಡ ಅದೇ. ಹಾಗಿದ್ದರೆ ಗ್ರಾಫಿಕ್ಸ್ ಕಾರ್ಡಿನ ಬಲ ಕಡಿಮೆಯಾಗಿದೆ ಅನ್ನುವ ಮಾತು ನಿಲ್ಲುವುದಿಲ್ಲ, ಅಲ್ವಾ?

ಟಾಸ್ಕ್ ಮ್ಯಾನೇಜರ್ ತೆರೆದು ಪಕ್ಕದಲ್ಲಿಟ್ಟೆ. ವಿಂಡೋಸ್‌ನಲ್ಲಿ ಪುಕ್ಕಟೆ ಸಿಗುವ ಇದರಷ್ಟು ಒಳ್ಳೆಯ ಡಾಕ್ಟರ್ ಬೇರೆ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ಪುಟದಲ್ಲಿ ‘ವಿಡಿಯೊ ಡಿಕೋಡ್’ (ವಿಡಿಯೊ ಬಿಡಿಸಿ ಓದುವ ಕೆಲಸ) ಅಂತ ಒಂದು ಪುಟ್ಟ ಗ್ರಾಫ್ ಇರುತ್ತದೆ. ಹಳೇ ಕ್ಯಾಮೆರಾದ ಕ್ಲಿಪ್ ಓಡಿಸಿದಾಗ ಆ ಗೆರೆ ಮೇಲೆದ್ದಿತು, ಪ್ರೊಸೆಸರ್ ಆರಾಮಾಗಿತ್ತು. ಹೊಸದರ ಕ್ಲಿಪ್ ಓಡಿಸಿದೆ. ಡಿಕೋಡ್ ಗೆರೆ ನೆಲ ಬಿಟ್ಟು ಏಳಲಿಲ್ಲ. ಪ್ರೊಸೆಸರ್ ನೂರಕ್ಕೆ ನೂರು. ಫ್ಯಾನು ವಿಮಾನದ ಹಾಗೆ ಕೂಗಿತು.

ಅಂದರೆ ಮೆಷಿನ್ನಿನಲ್ಲಿದ್ದ ಆರ್‌ಟಿಎಕ್ಸ್ 3060 ಕಾರ್ಡ್ ಈ ಕ್ಲಿಪ್ಪನ್ನು ಮುಟ್ಟುತ್ತಲೇ ಇರಲಿಲ್ಲ.

ಯಾಕೆ ಅಂತ ತಿಳಿಯಲು ಕ್ಯಾಮೆರಾದ ಹೊಟ್ಟೆಗೆ ಇಳಿಯಬೇಕು. ಕ್ಯಾಮೆರಾ ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಎಲ್ಲೋ ಒಂದು ಪೂರ್ತಿ ಚಿತ್ರ ಬರೆಯುತ್ತದೆ. ಆಮೇಲಿನದಕ್ಕೆ ಏನು ಬದಲಾಯಿತು ಅಂತ ಮಾತ್ರ ಬರೆಯುತ್ತದೆ. ಎಚ್.264, ಎಚ್.265 ಅಂತ ಕರೆಯುವುದು ಈ ಬಗೆಯ ಬರವಣಿಗೆಯನ್ನು. ಇದನ್ನು ಬಿಡಿಸಿ ಓದುವುದೇ ದೊಡ್ಡ ಕೆಲಸ. ಅದಕ್ಕೆಂದೇ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಪುಟ್ಟ ಘಟಕ ಬೇರೆ ಇರುತ್ತದೆ. ಆಟ ಆಡಿಸುವ ಭಾಗಕ್ಕೂ ಅದಕ್ಕೂ ಸಂಬಂಧ ಕಡಿಮೆ. ಕಾರ್ಡ್ ಎಷ್ಟು ದೊಡ್ಡದಾದರೂ ಆ ಘಟಕಕ್ಕೆ ಗೊತ್ತಿರುವ ಭಾಷೆ ಇಂತಿಷ್ಟೇ.

ಇನ್ನು ಬಣ್ಣ. ಬೆಳಕಿನ ಲೆಕ್ಕ ಪ್ರತಿ ಚುಕ್ಕಿಗೂ ಬೇರೆ ಬೇರೆ ಇರುತ್ತದೆ. ಬಣ್ಣವನ್ನು ಮಾತ್ರ ಹಂಚಿಕೊಳ್ಳುತ್ತವೆ. 4:2:0 ಅಂದರೆ ನಾಲ್ಕು ಚುಕ್ಕಿಗೆ ಒಂದು ಬಣ್ಣ. 4:2:2 ಅಂದರೆ ಎರಡು ಚುಕ್ಕಿಗೆ ಒಂದು. ನಮ್ಮ ಹೋಟೆಲ್ ಭಾಷೆಯಲ್ಲಿ ಬೈ-ಟು ಕಾಫಿ. ಹಳೇ ಕ್ಯಾಮೆರಾ 8 ಬಿಟ್ 4:2:0 ಕೊಡುತ್ತಿತ್ತು. ಹೊಸದರಲ್ಲಿ 10 ಬಿಟ್ 4:2:2 ಇದೆ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಕಾಂಜೀವರಂ ಸೀರೆಯ ಕೆಂಪು, ಬಂಗಾರದ ಹೊಳಪು ಎಲ್ಲ ಚೆಂದ ಬರುತ್ತದೆ. ಗೆಳೆಯ ಮೆನುವಿನಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಯಾವುದೋ ಅದನ್ನೇ ಆರಿಸಿಬಿಟ್ಟಿದ್ದ. ಯಾರಾದರೂ ಅದನ್ನೇ ಮಾಡುತ್ತಾರೆ ಬಿಡಿ.

ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 30 ಮತ್ತು 40 ಸರಣಿಯ ಕಾರ್ಡುಗಳಿಗೆ 4:2:2 ಬಿಡಿಸಲು ಬರುವುದಿಲ್ಲ. 3060ಕ್ಕೂ ಬರುವುದಿಲ್ಲ, ಐವತ್ತೆಂಟು ಸಾವಿರದ 4070ಕ್ಕೂ ಬರುವುದಿಲ್ಲ. ಗೆಳೆಯ ಅವತ್ತು ಕಾರ್ಡ್ ತಂದಿದ್ದರೆ ವಿಡಿಯೊ ಹಾಗೇ ಕುಂಟುತ್ತಿತ್ತು. ಇನ್ನಷ್ಟು ದುಬಾರಿಯಾಗಿ ಕುಂಟುತ್ತಿತ್ತು, ಅಷ್ಟೇ.

ಈ ಕೆಲಸ ಬರುವುದು ಇಂಟೆಲ್ ಪ್ರೊಸೆಸರ್ ಒಳಗೇ ಕೂತಿರುವ ಸಣ್ಣ ಗ್ರಾಫಿಕ್ಸ್‌ಗೆ. ವಿಡಿಯೊ ಬಿಡಿಸುವ ಅದರ ಭಾಗದ ಹೆಸರು ಕ್ವಿಕ್ ಸಿಂಕ್. 11ನೇ ತಲೆಮಾರಿನಿಂದ ಈಚೆಗೆ ಅದು ಎಚ್.265ರ 10 ಬಿಟ್ 4:2:2 ಬಿಡಿಸುತ್ತದೆ. ಗೆಳೆಯನ ಮೆಷಿನ್ನಿನಲ್ಲಿದ್ದದ್ದು 12ನೇ ತಲೆಮಾರಿನ ಐ5. ಸಾಕಿತ್ತಲ್ಲ?

ಸಾಕಿರಲಿಲ್ಲ. ಅದು ಐ5-12400ಎಫ್. ಕೊನೆಯ ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ. 2022ರಲ್ಲಿ “ಹೇಗೂ ಕಾರ್ಡ್ ಹಾಕ್ತೀವಿ, ಎಫ್ ತಗೋ, ಸುಮ್ನೆ ಯಾಕೆ ಎರಡು ಸಾವಿರ ಜಾಸ್ತಿ ಕೊಡ್ತೀಯ” ಅಂದವನು ನಾನೇ. ಆಗಿನ ಕ್ಯಾಮೆರಾಕ್ಕೆ ಆ ಲೆಕ್ಕ ಸರಿಯಿತ್ತು. ಆದರೆ ಕ್ಯಾಮೆರಾ ಬದಲಾದರೆ ಏನು ಅಂತ ನಾನು ಕೇಳಿರಲಿಲ್ಲ. ಗೆಳೆಯನ ಹೆಂಡತಿ ಚಹಾ ತಂದಿಟ್ಟಳು. ಅವತ್ತು ಆ ಚಹಾ ಗಂಟಲಲ್ಲಿ ಸರಿಯಾಗಿ ಇಳಿಯಲಿಲ್ಲ.

ಪೆನ್ ಡ್ರೈವ್ ಪರೀಕ್ಷೆ

ಮೊದಲ ಸಲ ಊಹೆಯ ಮೇಲೆ ಹೋಗಿದ್ದೆ. ಈ ಸಲ ಹೊಸ ಕ್ಯಾಮೆರಾದ ನಾಲ್ಕಾರು ಕ್ಲಿಪ್ಪುಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಮನೆಗೆ ಬಂದೆ. ನನ್ನ ಹತ್ತಿರ 12ನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್ ಇದೆ. ಬೇರೆ ಕಾರ್ಡ್ ಇಲ್ಲದ, ತರಕಾರಿ ಲೆಕ್ಕ ಬರೆಯುವಂಥ ಲ್ಯಾಪ್‌ಟಾಪ್. ಅದರಲ್ಲಿ ಹಾಕಿ ನೋಡಿದೆ.

ಮದುಮಗಳು ಮಂಟಪಕ್ಕೆ ಬರುವ ಕ್ಲಿಪ್ ಬೆಣ್ಣೆಯ ಹಾಗೆ ಓಡಿತು. ಧಾರೆ ಎರೆಯುವ ಕ್ಲಿಪ್ ಕುಂಟಿತು. ಅದೇ ಕ್ಯಾಮೆರಾ, ಅದೇ ದಿನ, ಎರಡೂ 10 ಬಿಟ್ 4:2:2!

ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಪ್ರವೇಶದ ಕ್ಲಿಪ್ಪನ್ನು ಸ್ಲೋ ಮೋಷನ್ನಿಗೆಂದು ಸೆಕೆಂಡಿಗೆ 50 ಚಿತ್ರದಂತೆ ‘ಎಕ್ಸ್‌ಎವಿಸಿ ಎಚ್‌ಎಸ್’ ಎಂಬ ಬಗೆಯಲ್ಲಿ ತೆಗೆದಿದ್ದ. ಅದು ಎಚ್.265. ಧಾರೆಯದನ್ನು 25 ಚಿತ್ರದಂತೆ ‘ಎಕ್ಸ್‌ಎವಿಸಿ ಎಸ್’ ಬಗೆಯಲ್ಲಿ ತೆಗೆದಿದ್ದ. ಅದು ಎಚ್.264. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಎಚ್.264ರ 4:2:2ವನ್ನು ಕ್ವಿಕ್ ಸಿಂಕ್ ಕೂಡ ಬಿಡಿಸುವುದಿಲ್ಲ. ಆಗ ಅಂಗಡಿಯಲ್ಲಿದ್ದ ಯಾವ ಗ್ರಾಫಿಕ್ಸ್ ಕಾರ್ಡೂ ಬಿಡಿಸುತ್ತಿರಲಿಲ್ಲ. ಅಂದರೆ ಮೆಷಿನ್ ಮಾತ್ರ ಬದಲಿಸಿದರೆ ಅರ್ಧ ಮದುವೆ ಓಡುತ್ತದೆ, ಇನ್ನರ್ಧ ಕುಂಟುತ್ತದೆ. ಕ್ಯಾಮೆರಾದ ಮೆನು ಕೂಡ ಬದಲಾಗಬೇಕು.

ಎಲ್ಲವನ್ನೂ ಎಚ್‌ಎಸ್‌ನಲ್ಲೇ ತೆಗೆದರಾಯಿತಲ್ಲ ಅಂದ ಗೆಳೆಯ. ಅದರಲ್ಲೂ ಒಂದು ಗಂಟು. ನಮ್ಮ ದೇಶದ ಟಿವಿಯ ‘ಪಾಲ್’ ಪದ್ಧತಿಯಲ್ಲಿ ಆ ಕ್ಯಾಮೆರಾ 4ಕೆ ಎಚ್‌ಎಸ್ ಕೊಡುವುದು 50 ಚಿತ್ರಕ್ಕೆ ಮಾತ್ರ, 25ಕ್ಕೆ ಇಲ್ಲ. 50ರಲ್ಲಿ ತೆಗೆದರೆ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತದೆ. 24 ಎಂಎಂ ಲೆನ್ಸ್ 36ರ ಹಾಗೆ ಕಾಣುತ್ತದೆ. ಡೊಂಬಿವಲಿ-ಕಲ್ಯಾಣದ ಸಣ್ಣ ಹಾಲ್‌ಗಳಲ್ಲಿ ಮಂಟಪದ ಎದುರು ಹಿಂದಕ್ಕೆ ಸರಿಯಲು ಜಾಗ ಎಲ್ಲಿದೆ? ಮೊದಲ ಸಾಲಿನಲ್ಲಿ ಸೋದರಮಾವಂದಿರು ಕೂತಿರುತ್ತಾರೆ. ಅವರನ್ನು ಏಳಿಸುವ ಧೈರ್ಯ ಯಾರಿಗೂ ಇಲ್ಲ.

ಕೊನೆಗೆ ಹೀಗೆ ಹಂಚಿದೆವು. ಧಾರೆ, ಸಪ್ತಪದಿ, ಆಮೇಲೆ ಎರಡು ಗಂಟೆ ನಡೆಯುವ ಕವರ್ ಕೊಟ್ಟು ಫೋಟೊ ತೆಗೆಸುವ ಸಾಲು, ಇವೆಲ್ಲ 8 ಬಿಟ್ 4:2:0, ಸೆಕೆಂಡಿಗೆ 100 ಮೆಗಾಬಿಟ್. ಇದನ್ನು ಯಾವ ಕಾರ್ಡ್ ಆದರೂ ಓದುತ್ತದೆ. ಮದುಮಗಳ ಪ್ರವೇಶ, ಜೋಡಿಯ ಶೂಟ್, ಮೆಹಂದಿಯ ಕುಣಿತ ಮಾತ್ರ 50 ಚಿತ್ರದ ಎಚ್‌ಎಸ್, 10 ಬಿಟ್ 4:2:2, ಅದೂ 100 ಮೆಗಾಬಿಟ್. ಬಣ್ಣ ತಿದ್ದುವ ಕೆಲಸ ನಿಜವಾಗಿ ನಡೆಯುವುದು ಆ ಭಾಗಕ್ಕೇ. ಕವರ್ ಸಾಲಿನಲ್ಲಿ ಯಾರೂ ಬಣ್ಣ ನೋಡುವುದಿಲ್ಲ. ತಾವು ಬಂದಿದ್ದೇವಾ ಅಂತ ನೋಡುತ್ತಾರೆ.

ಬಾಕಿ ಬಿದ್ದ ಏಳು ಮದುವೆಗೆ ಪ್ರಾಕ್ಸಿ ಮಾಡಿದೆವು. ಅಂದರೆ ಪ್ರತಿ ಕ್ಲಿಪ್ಪಿಗೂ ಹಗುರವಾದ ಒಂದು ನಕಲು. ಕತ್ತರಿಸುವುದು ನಕಲಿನ ಮೇಲೆ, ಕೊನೆಗೆ ಹೊರಡುವುದು ಅಸಲು. ಪ್ರೋರೆಸ್ ಎಂಬ ಬಗೆಯ 1080ರ ಪ್ರಾಕ್ಸಿ ಗಂಟೆಗೆ ಸುಮಾರು 17 ಜಿಬಿ ಹಿಡಿಯುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಒಂದು ಮದುವೆ ತಯಾರು. ಇದಕ್ಕೆ ಒಂದು ಪೈಸೆಯೂ ಬೇಡ. ಎಲ್ಲ ಮದುವೆಗೂ ಹೀಗೇ ಮಾಡಬಹುದಿತ್ತಲ್ಲ ಅಂದರೆ, ಹೌದು, ಮಾಡಬಹುದಿತ್ತು. ಆದರೆ ಭಾನುವಾರ ಮದುವೆ ತೆಗೆದು ಸೋಮವಾರ ಬೆಳಿಗ್ಗೆ ಟೀಸರ್ ಕೇಳುವ ಕಾಲ ಇದು.

ಬೇಡವೆಂದು ಬಿಟ್ಟದ್ದು

ಆಪಲ್‌ನ ಎಂ4 ಮ್ಯಾಕ್ ಮಿನಿ ಆಗಷ್ಟೇ 59,900 ರೂಪಾಯಿಗೆ ಬಂದಿತ್ತು. ಪುಟ್ಟ ಡಬ್ಬ, ಸದ್ದಿಲ್ಲ, ಎಚ್.265ರ 4:2:2 ಸರಾಗವಾಗಿ ಓದುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಅದನ್ನೇ ಹೇಳುತ್ತಿದ್ದೆ. ಇಲ್ಲಿ ಅಡ್ಡಿ ಬಂದದ್ದು ಎರಡು. ಆ ಬೆಲೆಗೆ ಒಳಗಿನ ಜಾಗ 256 ಜಿಬಿ, ಒಂದು ಮದುವೆಯೂ ಹಿಡಿಯುವುದಿಲ್ಲ. ಇನ್ನೊಂದು, ಇವಳ ಹತ್ತು ವರ್ಷದ ಟೈಟಲ್‌ಗಳೆಲ್ಲ ವಿಂಡೋಸ್‌ನಲ್ಲಿ ‘ನುಡಿ’ ಕನ್ನಡ ತಂತ್ರಾಂಶ ಹಾಕಿ ಟೈಪ್ ಮಾಡಿದವು. ಸೀಸನ್ ನಡುವೆ ಕೈ ಬದಲಿಸುವುದು ಅಂದರೆ ಹರಿಯುವ ನದಿಯಲ್ಲಿ ದೋಣಿ ಬದಲಿಸಿದ ಹಾಗೆ.

ಟೈಟಲ್ ಅಂದಾಗ ನೆನಪಾಯಿತು. ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಹೋಗುತ್ತದೆ ಅಂತ ಅವಳು ನುಡಿಗೇ ಅಂಟಿಕೊಂಡಿದ್ದಳು. ಪ್ರೀಮಿಯರ್‌ನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಟೆಕ್ಸ್ಟ್ ಎಂಜಿನ್ ಅಂತ ಒಂದು ಆಯ್ಕೆ ಇತ್ತು. ಅದನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ತಿರುಗಿಸಿದೆ. ಒಡೆದಿದ್ದ ‘ಲಕ್ಷ್ಮೀ’ ತಟ್ಟನೆ ಕೂಡಿಕೊಂಡಳು. ಆ ದಿನ ನನಗೆ ಸಿಕ್ಕ ಮೆಚ್ಚುಗೆಯೆಲ್ಲ ಇದಕ್ಕೇ. ಪ್ರೊಸೆಸರ್ ಬಗ್ಗೆ ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಡಾವಿಂಚಿ ರಿಸಾಲ್ವ್ ಬಗ್ಗೆಯೂ ಮಾತು ಬಂತು. ಒಮ್ಮೆ 295 ಡಾಲರ್ ಕೊಟ್ಟರೆ ಸ್ಟುಡಿಯೋ ಆವೃತ್ತಿ ನಮ್ಮದೇ, ತಿಂಗಳ ಬಾಡಿಗೆ ಇಲ್ಲ. ಒಳ್ಳೆಯದೇ. ಆದರೆ ಕಲಿಯಲು ಬಿಡುವು ಬೇಕು. ಮುಂದೆ ಹಾಕಿದೆವು.

ಲ್ಯಾಮಿಂಗ್ಟನ್ ರೋಡ್

ಕಾಗದದಲ್ಲಿ ಅದರ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಆ ಹೆಸರು ಹೇಳಿದರೆ ಟ್ಯಾಕ್ಸಿಯವನೂ ಒಮ್ಮೆ ಯೋಚಿಸುತ್ತಾನೆ. ಡೊಂಬಿವಲಿಯಿಂದ ದಾದರ್, ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ ಗ್ರ್ಯಾಂಟ್ ರೋಡ್, ಆಮೇಲೆ ನಡಿಗೆ. ಮೂವರೂ ಹೋದೆವು. ಅವಳನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ ಈ ಸಲ.

ನಮಗೆ ಬೇಕಾಗಿದ್ದು ಐ5-12500. ಎಫ್ ಇಲ್ಲದ 12400 ಎಲ್ಲ ಕಡೆ ಇತ್ತು. ಆದರೆ ಅದರ ಒಳಗಿನ ಗ್ರಾಫಿಕ್ಸ್ ಯುಎಚ್‌ಡಿ 730ರಲ್ಲಿ ವಿಡಿಯೊ ಬಿಡಿಸುವ ಎಂಜಿನ್ ಒಂದೇ. 12500ರ ಯುಎಚ್‌ಡಿ 770ರಲ್ಲಿ ಎರಡು. ಮೂರು ಕ್ಯಾಮೆರಾದ ಕ್ಲಿಪ್ಪುಗಳನ್ನು ಒಟ್ಟಿಗೆ ಓಡಿಸಿ ಕತ್ತರಿಸುವವರಿಗೆ ಇದು ಮುಖ್ಯ. ಒಂದು ಅಂಗಡಿಯವರು 13500 ತೋರಿಸಿದರು. 14 ಕೋರ್, ಮನಸ್ಸು ಎಳೆಯಿತು. ಅದಕ್ಕೆ ಹಳೇ ಮದರ್‌ಬೋರ್ಡಿನ ಬಯಾಸ್ (ಮೆಷಿನ್ ಶುರುವಾಗುವಾಗ ಓಡುವ ಮೂಲ ತಂತ್ರಾಂಶ) ಮೊದಲು ಅಪ್‌ಡೇಟ್ ಮಾಡಬೇಕು, ಕೂಲರ್ ಬದಲಿಸಬೇಕು. ಶನಿವಾರ ಎರಡು ಮದುವೆ ಇಟ್ಟುಕೊಂಡು ಯಾಕೆ ಆ ಸಾಹಸ? ನಾಲ್ಕನೇ ಅಂಗಡಿಯಲ್ಲಿ 12500 ಸಿಕ್ಕಿತು. ಹದಿನೆಂಟೂವರೆ ಸಾವಿರ. ಹಳೇ ಎಫ್ ಏಳು ಸಾವಿರಕ್ಕೆ ಹೋಯಿತು. ಕಲ್ಯಾಣದ ಒಬ್ಬ ಗೇಮಿಂಗ್ ಹುಡುಗ ತೆಗೆದುಕೊಂಡ. ಅವನ ಕೆಲಸಕ್ಕೆ ಅದು ಸರಿಯಾದ ಪ್ರೊಸೆಸರ್.

ತಂದು ಕೂರಿಸಿದೆವು. ಪ್ಲೇ ಒತ್ತಿದೆವು. ಕುಂಟಿತು.

ಗೆಳೆಯ ಮಾತಾಡಲಿಲ್ಲ. ನನ್ನ ಬೆನ್ನಲ್ಲಿ ಬೆವರು. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಒಂದೇ ಗ್ರಾಫಿಕ್ಸ್ ಕಾಣುತ್ತಿದೆ, ಎನ್‌ವಿಡಿಯಾದ್ದು. ಕಾರ್ಡ್ ಹಾಕಿದ್ದರೆ ಕೆಲವು ಮದರ್‌ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ತಾವಾಗಿಯೇ ಮಲಗಿಸಿಬಿಡುತ್ತವೆ. ಬಯಾಸ್‌ಗೆ ಹೋಗಿ ‘ಐಜಿಪಿಯು ಮಲ್ಟಿ-ಮಾನಿಟರ್’ ಎಂಬುದನ್ನು ಎಬ್ಬಿಸಿದೆ. ಇಂಟೆಲ್ ಡ್ರೈವರ್ ಹಾಕಿದೆ. ಪ್ರೀಮಿಯರ್‌ನ ಮೀಡಿಯಾ ಸೆಟ್ಟಿಂಗಿನಲ್ಲಿ ಡಿಕೋಡಿಂಗ್‌ಗೆ ಇಂಟೆಲ್ ಎಂಬಲ್ಲಿ ಟಿಕ್ ಮಾಡಿದೆ. ಮತ್ತೆ ಪ್ಲೇ. ಮದುಮಗಳು ಅಣ್ಣಂದಿರ ನಡುವೆ ನಿಧಾನವಾಗಿ, ಎಲ್ಲೂ ತಡವರಿಸದೆ ನಡೆದು ಬಂದಳು. ಮೊದಲಿದ್ದದ್ದೂ ಆರು ಕೋರ್, ಈಗಿರುವುದೂ ಆರು ಕೋರ್.

ಡಬ್ಬಗಳ ಲೆಕ್ಕ

ಉಳಿದ ದುಡ್ಡು ಯಾರೂ ಮೆಚ್ಚದ ವಸ್ತುಗಳಿಗೆ ಹೋಯಿತು. ನನ್ನ ಪ್ರಕಾರ ಮೊದಲೇ ಹೋಗಬೇಕಾಗಿದ್ದದ್ದೂ ಅಲ್ಲಿಗೇ.

ಎರಡು ಕ್ಯಾಮೆರಾ ಸೇರಿ ಒಂದು ಮದುವೆಗೆ ಏಳು ಗಂಟೆ ರೆಕಾರ್ಡಿಂಗ್ ಅಂತಿಟ್ಟುಕೊಳ್ಳಿ. ಹೊಸ ಕ್ಯಾಮೆರಾದ ಮೊದಲಿನ 4:2:2ರ 140 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ 63 ಜಿಬಿ, ಎಲ್ಲ ಅದರಲ್ಲೇ ತೆಗೆದರೆ ಮದುವೆಗೆ 441. ಈಗಿನ 100ರ ಲೆಕ್ಕದಲ್ಲಿ ಗಂಟೆಗೆ 45, ಮದುವೆಗೆ 315. ಸೀಸನ್ನಿನಲ್ಲಿ 14 ಮದುವೆಯಾದರೆ 4.4 ಟಿಬಿ. ಇದೆಲ್ಲ ಇಷ್ಟು ದಿನ ಎಲ್ಲಿತ್ತು ಗೊತ್ತಾ? ಮೇಜಿನ ಮೇಲೆ ಚೆಲ್ಲಿದ್ದ ಐದು ಪೋರ್ಟಬಲ್ ಡಿಸ್ಕುಗಳಲ್ಲಿ. ಯಾವುದಕ್ಕೂ ಎರಡನೇ ಪ್ರತಿ ಇರಲಿಲ್ಲ. ಕುಂಟುವ ವಿಡಿಯೊಗಿಂತ ನನಗೆ ಹೆದರಿಕೆಯಾದದ್ದು ಇದನ್ನು ಕಂಡು. ಗ್ರಾಫಿಕ್ಸ್ ಕಾರ್ಡ್ ಸತ್ತರೆ ಹೊಸದು ತರಬಹುದು. ಧಾರೆಯನ್ನು ಇನ್ನೊಮ್ಮೆ ಎರೆಯಲು ಯಾರು ಬರುತ್ತಾರೆ?

8 ಟಿಬಿಯ ಎರಡು ಹಾರ್ಡ್ ಡಿಸ್ಕ್ ತಂದೆವು, ಸೇರಿ 32,000. ಒಂದು ಕೋಣೆಯಲ್ಲಿ, ಇನ್ನೊಂದು ಮುಲುಂಡಿನ ತಂಗಿ ಮನೆಯಲ್ಲಿ. ವಾರಕ್ಕೊಮ್ಮೆ ನಕಲು. ಮನೆಯವರು ವಿಡಿಯೊ ನೋಡಿ ಒಪ್ಪುವ ತನಕ ಕ್ಯಾಮೆರಾದ ಕಾರ್ಡ್ ಅಳಿಸುವಂತಿಲ್ಲ. ಎಡಿಟ್ ನಡೆಯುತ್ತಿರುವ ಮದುವೆ ಮಾತ್ರ ಮೊದಲೇ ಇದ್ದ 1 ಟಿಬಿ ಎನ್‌ವಿಎಂಇ ಎಂಬ ವೇಗದ ಡಿಸ್ಕಿನಲ್ಲಿ. ಸೆಕೆಂಡಿಗೆ 7,000 ಎಂಬಿಯ ಹೊಸ ಎನ್‌ವಿಎಂಇ ಬೇಕಾ ಅಂತ ಗೆಳೆಯ ಕೇಳಿದ. 100 ಮೆಗಾಬಿಟ್ ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಎಂಬಿ ಅಷ್ಟೇ. ಮೂರು ಕ್ಯಾಮೆರಾ ಒಟ್ಟಿಗೆ ಓಡಿದರೂ ನಲವತ್ತು ದಾಟುವುದಿಲ್ಲ. ಬೇಡ ಅಂದೆ.

ರ‍್ಯಾಮ್ 16ರಿಂದ 32 ಜಿಬಿಗೆ ಏರಿಸಿದೆವು, 3,500. ಯುಪಿಎಸ್ ಬದಲಿಸಿದೆವು, 5,500. ಮೊದಲಿದ್ದದ್ದು 600 ವಿಎ. ಅದು ಹೊರುವುದು 360 ವ್ಯಾಟ್ ಮಾತ್ರ. 3060 ಒಂದೇ 170 ವ್ಯಾಟ್ ತಿನ್ನುತ್ತದೆ, ಪ್ರೊಸೆಸರ್ ಜೋರು ಓಡಿದಾಗ 117. ಮೇಲೆ ಮಾನಿಟರ್. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ಯುಪಿಎಸ್ಸೂ ಕೂಗಿ ಮಲಗುತ್ತಿದ್ದದ್ದು ಇದಕ್ಕೇ. ಈಗ 1100 ವಿಎ ಇದೆ.

ಕ್ಯಾಬಿನೆಟ್ ನೆಲದ ಮೇಲಿತ್ತು. ಅದನ್ನು ಎರಡೂವರೆ ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿಗೆ ಏರಿಸಿದೆವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡವನು ನಾನು. ನೆಲಮಹಡಿಯಲ್ಲಿ ಯಾರೇ ಕಂಪ್ಯೂಟರ್ ನೆಲಕ್ಕಿಟ್ಟರೂ ಅದನ್ನು ಎತ್ತಿಡದೆ ನನಗೆ ಇರಲಾಗುವುದಿಲ್ಲ.

ಹಳೇ ಪ್ರೊಸೆಸರಿನ ಏಳು ಸಾವಿರ ಕಳೆದರೆ ಒಟ್ಟು ಖರ್ಚು 52,500. ಆ 4070 ಕಾರ್ಡಿಗಿಂತ ಐದೂವರೆ ಸಾವಿರ ಕಡಿಮೆ.

2025ರ ಜನವರಿಯಲ್ಲಿ ಆರ್‌ಟಿಎಕ್ಸ್ 50 ಸರಣಿ ಬಂತು. ಅದು 4:2:2ವನ್ನು ಎಚ್.264, ಎಚ್.265 ಎರಡರಲ್ಲೂ ಬಿಡಿಸುತ್ತದೆ. “ಎರಡು ತಿಂಗಳು ಕಾದಿದ್ದರೆ ಆಗುತ್ತಿತ್ತಲ್ಲ” ಅಂತ ಗೆಳೆಯ ಛೇಡಿಸಿದ. ಕಾದಿದ್ದರೆ ಏಳು ಮದುವೆ ಹದಿನೇಳಾಗುತ್ತಿತ್ತು ಅಂದಳು ಹೆಂಡತಿ.

ಫೆಬ್ರವರಿಯಲ್ಲಿ ಇನ್ನೊಂದು ಫೋನ್. ಕಾರ್ಕಳದ ಅಜ್ಜಿ ಮನೆಯ ಟಿವಿಯಲ್ಲಿ ಮದುವೆ ವಿಡಿಯೊ ಕಾಣುತ್ತಿಲ್ಲವಂತೆ. ನೋಡಿದರೆ, ಚೆಂದ ಇರಲಿ ಅಂತ 4ಕೆ ಎಚ್.265ರಲ್ಲಿ ಕೊಟ್ಟಿದ್ದಾರೆ. ಹಳೇ ಟಿವಿಗೆ ಅದು ಓದಲು ಬರುವುದಿಲ್ಲ. 1080ರ ಎಚ್.264 ಮಾಡಿ ಅಂದೆ. ಮಾಡಿದರೆ ಪೆನ್ ಡ್ರೈವ್ ಹಿಡಿಸಿಕೊಳ್ಳಲಿಲ್ಲ. ಅದರ ಫಾರ್ಮ್ಯಾಟ್ ಫ್ಯಾಟ್32, 4 ಜಿಬಿಗಿಂತ ದೊಡ್ಡ ಫೈಲ್ ಒಪ್ಪುವುದಿಲ್ಲ. ಮೆಹಂದಿ, ಧಾರೆ, ಔತಣ ಅಂತ ಮೂರು ತುಂಡು ಮಾಡಿ ಕಳಿಸಿದಳು. ಅಜ್ಜಿಗೆ ಅದೇ ಅನುಕೂಲವಾಯಿತಂತೆ. ಧಾರೆಯದನ್ನು ಮಾತ್ರ ದಿನಾ ಹಾಕಿಸಿಕೊಳ್ಳುತ್ತಾರೆ.

ಬಾಕಿ ಉಳಿದಿರುವುದು ಮಾನಿಟರ್. ಏಳು ವರ್ಷದ ಹಳೇ ಪರದೆ, ಬಣ್ಣವೆಲ್ಲ ನೀಲಿಗೆ ವಾಲಿದೆ. ಸೀರೆಯ ಕೆಂಪನ್ನು ಅವಳು ಈಗಲೂ ತನ್ನ ಫೋನಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಎಸ್‌ಆರ್‌ಜಿಬಿ ಎಂಬ ಬಣ್ಣದ ಶ್ರೇಣಿಯನ್ನು ಪೂರ್ತಿ ತೋರಿಸುವ 27 ಇಂಚಿನ ಐಪಿಎಸ್ ಪರದೆ ನೋಡಿಟ್ಟಿದ್ದೇವೆ. ಯಾವಾಗ ತರೋಣ ಅಂತ ಕೇಳಿದರೆ ಗೆಳೆಯನದು ಒಂದೇ ಉತ್ತರ. “ಆಟಿ ಬರಲಿ ಮಾರಾಯ. ಆಗ ಮದುವೆ ಇರುವುದಿಲ್ಲ.”